ಪೀಠದಿಂದ ಇಳಿಯುವ ದಾರಿ: ಸ್ಪೀಕರ್, ಸಭಾಪತಿಗಳ ನಿರ್ಗಮನಕ್ಕೆ ಸಂವಿಧಾನ ಹೇಳುವುದೇನು?

ಹೊಳಲ್ಕೆರೆ ತಾಲ್ಲೂಕಿನ ನಮ್ಮೂರ ಪಂಚಾಯಿತಿಯಲ್ಲಿ ಕೆಲವು ವರ್ಷದ ಹಿಂದೆ ಅಧ್ಯಕ್ಷೆಯ ಮೇಲೆ ಅವಿಶ್ವಾಸ ಹಾಕಿದ್ದರು. ಸಹಿ ಮಾಡಿದ ಸದಸ್ಯರು ನಾಲ್ಕು ದಿನ ಊರಲ್ಲೇ ಇರಲಿಲ್ಲ. ಸಭೆಯ ದಿನ ಬೆಳಿಗ್ಗೆ ಟೆಂಪೊ ಟ್ರಾವೆಲರ್‌ನಲ್ಲಿ ಬಂದಿಳಿದು, ಹಣೆಗೆ ಹಚ್ಚಿದ ಗಂಧ ಆರುವ ಮೊದಲೇ ನೇರ ಪಂಚಾಯಿತಿ ಕಟ್ಟಡದೊಳಗೆ ಹೋದರು. ನಾನು ಕಿಟಕಿಯ ಹತ್ತಿರ ನಿಂತಿದ್ದೆ. ಬೆನ್ನಿಗೆ ಬಿಳಿ ಟವೆಲ್ ಹೊದಿಸಿದ ಅಧ್ಯಕ್ಷರ ಕುರ್ಚಿ ಎಂದಿನ ಜಾಗದಲ್ಲೇ ಇತ್ತು. ಅದರಲ್ಲಿ ಕೂತವರು ಮಾತ್ರ ಚಿತ್ರದುರ್ಗದಿಂದ ಬಂದಿದ್ದ ಎ.ಸಿ. (ಉಪವಿಭಾಗಾಧಿಕಾರಿ) ಸಾಹೇಬರು. ಅಧ್ಯಕ್ಷಮ್ಮ ಎರಡನೇ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಸೆರಗು ಹೊದ್ದು ಕೂತಿದ್ದರು. ಒಮ್ಮೆ ಎದ್ದು ನಿಂತು, "ಸರ್, ನಾನು ಎರಡು ಮಾತು ಹೇಳಬೇಕು" ಎಂದರು. "ಇಲ್ಲಿ ಚರ್ಚೆ ಇಲ್ಲಮ್ಮ, ಮತ ಅಷ್ಟೆ. ಕೂತ್ಕೊಳ್ಳಿ" ಎಂದರು ಎ.ಸಿ. ಹದಿನೈದು ಸದಸ್ಯರಲ್ಲಿ ಹನ್ನೊಂದು ಕೈ ಮೇಲೆದ್ದವು. ಹತ್ತು ಸಾಕಿತ್ತು. ಅರ್ಧ ಗಂಟೆಯಲ್ಲಿ ಎಲ್ಲ ಮುಗಿಯಿತು.

ಈ ದೃಶ್ಯ ನಮ್ಮ ಚಿತ್ರದುರ್ಗ, ದಾವಣಗೆರೆ ಜಿಲ್ಲೆಗಳ ಹಳ್ಳಿಯವರಿಗೆ ಹೊಸದಲ್ಲ. ಮೂರನೇ ಎರಡರಷ್ಟು ಕೈ ಬೇಕು, ಎ.ಸಿ. ಬಂದು ಸಭೆ ನಡೆಸುತ್ತಾರೆ, ಇಳಿಯಬೇಕಾದವರು ಅಂದು ಆ ಕುರ್ಚಿಯಲ್ಲಿ ಕೂರುವಂತಿಲ್ಲ ಎಂಬುದೆಲ್ಲ ಚಹಾದಂಗಡಿಯಲ್ಲಿ ಕೂತವರಿಗೂ ಗೊತ್ತು. ಅದೇ ಜನ 2025ರ ಜುಲೈ 21ರ ರಾತ್ರಿ ಟಿ.ವಿ.ಯಲ್ಲಿ ಉಪರಾಷ್ಟ್ರಪತಿ ಜಗದೀಪ್ ಧನಕರ್ ರಾಜೀನಾಮೆಯ ಸುದ್ದಿ ನೋಡಿ ನನ್ನನ್ನು ಹಿಡಿದು ಕೇಳಿದ ಪ್ರಶ್ನೆ ತುಂಬ ಚೆನ್ನಾಗಿತ್ತು. "ಮೇಷ್ಟ್ರೇ, ನಮ್ಮ ರಮೇಶ್ ಕುಮಾರ್ ಸ್ಪೀಕರ್ ಆಗಿದ್ದಾಗ ರಾಜೀನಾಮೆ ಕೊಟ್ಟಿದ್ದು ಡೆಪ್ಯುಟಿ ಸ್ಪೀಕರ್ ಕೈಗೆ. ಇವರು ಯಾಕೆ ರಾಷ್ಟ್ರಪತಿಗೆ ಕೊಟ್ರು? ಇಬ್ಬರೂ ಸದನ ನಡೆಸೋರೇ ಅಲ್ವಾ?"

ಇಬ್ಬರೂ ಸದನ ನಡೆಸುವವರೇ ನಿಜ. ಆದರೆ ಇಬ್ಬರನ್ನು ಆರಿಸಿದವರು ಬೇರೆ ಬೇರೆ. ಯಾರು ಏರಿಸಿದರೋ ಅವರ ಮುಂದೆಯೇ ಇಳಿಯಬೇಕು ಎಂಬುದು ನಮ್ಮ ಸಂವಿಧಾನ ಈ ವಿಷಯದಲ್ಲಿ ಹಿಡಿದ ದಾರಿ. ಲೋಕಸಭೆಯ ಸ್ಪೀಕರನ್ನು ಲೋಕಸಭೆಯೇ ತನ್ನ ಸದಸ್ಯರಲ್ಲಿ ಒಬ್ಬರನ್ನಾಗಿ ಆರಿಸುತ್ತದೆ. ಹಾಗಾಗಿ 94ನೇ ವಿಧಿಯಂತೆ ಸ್ಪೀಕರ್ ತಮ್ಮ ರಾಜೀನಾಮೆಯನ್ನು ಡೆಪ್ಯುಟಿ ಸ್ಪೀಕರ್ ಹೆಸರಿಗೆ ಬರೆಯಬೇಕು, ಡೆಪ್ಯುಟಿ ಸ್ಪೀಕರ್ ತಮ್ಮದನ್ನು ಸ್ಪೀಕರ್ ಹೆಸರಿಗೆ. ರಾಜ್ಯಗಳ ವಿಧಾನಸಭೆಗೆ ಇದೇ ಮಾತನ್ನು 179ನೇ ವಿಧಿ ಹೇಳುತ್ತದೆ, ವಿಧಾನ ಪರಿಷತ್ತಿಗೆ 183ನೇ ವಿಧಿ. ರಾಜ್ಯಸಭೆಯ ಸಭಾಪತಿಯನ್ನು ಮಾತ್ರ ರಾಜ್ಯಸಭೆ ಆರಿಸುವುದಿಲ್ಲ. ಎರಡೂ ಸದನದ ಸದಸ್ಯರು ಸೇರಿ ಉಪರಾಷ್ಟ್ರಪತಿಯನ್ನು ಆರಿಸುತ್ತಾರೆ, ಅವರು ಹುದ್ದೆಯ ಕಾರಣಕ್ಕೆ ಸಭಾಪತಿಯಾಗುತ್ತಾರೆ. ಅವರು 67ನೇ ವಿಧಿಯಂತೆ ರಾಷ್ಟ್ರಪತಿಗೆ ಪತ್ರ ಬರೆಯುತ್ತಾರೆ.

ಇದು ಸುಮ್ಮನೆ ಬಂದ ಏರ್ಪಾಡಲ್ಲ. 1949ರಲ್ಲಿ ಸಂವಿಧಾನ ರಚನಾ ಸಭೆಯಲ್ಲಿ ಈ ವಿಧಿ ಚರ್ಚೆಗೆ ಬಂದಾಗ, ಸ್ಪೀಕರ್ ಕೂಡ ರಾಷ್ಟ್ರಪತಿಗೇ ರಾಜೀನಾಮೆ ಕೊಡಲಿ ಎಂಬ ತಿದ್ದುಪಡಿ ಬಂದಿತ್ತು. ಅಂಬೇಡ್ಕರ್ ಒಪ್ಪಲಿಲ್ಲ. ನೇಮಿಸಿದವರಿಗೆ ರಾಜೀನಾಮೆ ಸಲ್ಲಿಸುವುದು ರೂಢಿ. ಸ್ಪೀಕರನ್ನು ಆರಿಸುವುದು ಸದನ. ಸದನದ ಒಬ್ಬೊಬ್ಬ ಸದಸ್ಯನಿಗೂ ಪತ್ರ ಬರೆಯಲಾಗದು, ಅದಕ್ಕಾಗಿ ಸದನದ ಪರವಾಗಿ ಡೆಪ್ಯುಟಿ ಸ್ಪೀಕರ್ ಅದನ್ನು ಪಡೆಯುತ್ತಾರೆ ಎಂಬುದು ಅವರ ವಿವರಣೆಯ ಸಾರ. ಚಿತ್ರದುರ್ಗದ ಎಸ್. ನಿಜಲಿಂಗಪ್ಪನವರು ಆ ಸಭೆಯ ಸದಸ್ಯರಾಗಿದ್ದರು. 1952ರಲ್ಲಿ ಮೊದಲ ಲೋಕಸಭೆಗೆ ಇಲ್ಲಿಂದಲೇ ಗೆದ್ದು ಹೋದರು. ಅವರ ಹೆಸರು ಈ ಕಥೆಯಲ್ಲಿ ಇನ್ನೊಮ್ಮೆ ಬರುತ್ತದೆ.

ರಾಜೀನಾಮೆ ಬಿಟ್ಟರೆ ಪೀಠ ತೆರವಾಗುವ ಇನ್ನೊಂದು ದಾರಿ ಸದಸ್ಯತ್ವ ಹೋಗುವುದು. ಶಾಸಕರೋ ಸಂಸದರೋ ಆಗಿ ಉಳಿಯದವರು ಸ್ಪೀಕರ್ ಆಗಿ ಉಳಿಯಲಾರರು. ನಮ್ಮ ವಿಧಾನ ಪರಿಷತ್ತಿನಲ್ಲಿ ಇದು ಆಗಾಗ ಆಗುತ್ತದೆ. ಪರಿಷತ್ತು ವಿಸರ್ಜನೆಯಾಗುವುದೇ ಇಲ್ಲ, ಸದಸ್ಯರ ಆರು ವರ್ಷ ಮಾತ್ರ ಒಬ್ಬೊಬ್ಬರಿಗೆ ಒಂದೊಂದು ದಿನ ಮುಗಿಯುತ್ತದೆ. 2018ರ ಜೂನ್‌ನಲ್ಲಿ ಡಿ.ಎಚ್. ಶಂಕರಮೂರ್ತಿಯವರ ಸದಸ್ಯತ್ವದ ಅವಧಿ ತೀರಿತು, ಸಭಾಪತಿ ಸ್ಥಾನವೂ ಅದರೊಂದಿಗೇ ಹೋಯಿತು. ಪಕ್ಷ ಕೈಬಿಟ್ಟರೆ ಮಾತ್ರ ಹಾಗಲ್ಲ. 2008ರ ಜುಲೈನಲ್ಲಿ ಮನಮೋಹನ್ ಸಿಂಗ್ ಸರ್ಕಾರದ ವಿಶ್ವಾಸಮತದ ಮರುದಿನ ಸೋಮನಾಥ ಚಟರ್ಜಿಯವರನ್ನು ಅವರ ಪಕ್ಷ ಉಚ್ಚಾಟಿಸಿತು. ಅವರು ಸಂಸದರಾಗಿಯೇ ಇದ್ದರು, ಆದ್ದರಿಂದ ಸ್ಪೀಕರ್ ಆಗಿಯೂ ಇದ್ದರು. 2009ರವರೆಗೆ ಸದನ ನಡೆಸಿದರು. ಪೀಠವನ್ನು ಕೊಟ್ಟದ್ದು ಪಕ್ಷವಲ್ಲ, ಸದನ.

ಲೋಕಸಭೆ ವಿಸರ್ಜನೆಯಾದರೆ ಎಲ್ಲ ಸಂಸದರೂ ಮಾಜಿಗಳಾಗುತ್ತಾರೆ, ಸ್ಪೀಕರ್ ಮಾತ್ರ ಆಗುವುದಿಲ್ಲ. ಹೊಸ ಲೋಕಸಭೆಯ ಮೊದಲ ಸಭೆ ಸೇರುವ ತುಸು ಮುಂಚಿನವರೆಗೂ ಅವರು ಆ ಸ್ಥಾನದಲ್ಲಿರುತ್ತಾರೆ. ಚುನಾವಣೆಯಲ್ಲಿ ಸೋತರೂ ಅಷ್ಟು ದಿನ ಸ್ಪೀಕರ್ ಅವರೇ.

ಈಗ ಕಠಿಣವಾದ ದಾರಿಗೆ ಬರೋಣ: ಇಳಿಯಲು ಒಪ್ಪದವರನ್ನು ಇಳಿಸುವುದು. ನಾವೆಲ್ಲ ಮಾತಿನಲ್ಲಿ ಇದನ್ನೂ ಅವಿಶ್ವಾಸ ಎನ್ನುತ್ತೇವೆ. ಪತ್ರಿಕೆಗಳೂ ಹಾಗೇ ಬರೆಯುತ್ತವೆ. ಸಂವಿಧಾನದಲ್ಲಿರುವುದು ಪದಚ್ಯುತಿ ನಿರ್ಣಯ. ಹೆಸರಿನ ವ್ಯತ್ಯಾಸ ಸಣ್ಣದು, ಲೆಕ್ಕದ ವ್ಯತ್ಯಾಸ ದೊಡ್ಡದು. ಸರ್ಕಾರದ ಮೇಲಿನ ಅವಿಶ್ವಾಸಕ್ಕೆ ಅಂದು ಹಾಜರಿದ್ದು ಮತ ಹಾಕಿದವರಲ್ಲಿ ಹೆಚ್ಚಿನವರು ಯಾವ ಕಡೆ ಎಂಬುದಷ್ಟೇ ಮುಖ್ಯ. ಸ್ಪೀಕರನ್ನು ಇಳಿಸಲು "ಆಗ ಸದನದಲ್ಲಿರುವ ಎಲ್ಲ ಸದಸ್ಯರ" ಬಹುಮತ ಬೇಕು. ಗೈರುಹಾಜರಾದವರು, ಆಸ್ಪತ್ರೆಯಲ್ಲಿ ಮಲಗಿದವರು, ತಟಸ್ಥರಾಗಿ ಕೂತವರು ಎಲ್ಲರೂ ಲೆಕ್ಕಕ್ಕೆ ಸೇರುತ್ತಾರೆ. ಬಾರದವರ ಮತ ತಾನಾಗಿಯೇ ಸ್ಪೀಕರ್ ಪರ ಬಿದ್ದ ಹಾಗೆ.

ಇದರ ಭಾರ ತಿಳಿಯಲು 1999ರ ಏಪ್ರಿಲ್ 17ನ್ನು ನೆನೆಯಬೇಕು. ಅಂದು ವಾಜಪೇಯಿ ಸರ್ಕಾರದ ಪರ 269, ವಿರುದ್ಧ 270 ಮತ ಬಿದ್ದು, ಒಂದೇ ಮತದಿಂದ ಸರ್ಕಾರ ಹೋಯಿತು. ಮತ ಹಾಕಿದವರೇ 539 ಮಂದಿ, ಪೀಠದಲ್ಲಿದ್ದ ಸ್ಪೀಕರ್ ಸೇರಿದರೆ 540. ಅದರ ಬಹುಮತ ಎಂದರೆ ಕನಿಷ್ಠ 271. ಅಂದರೆ ದೇಶದ ಸರ್ಕಾರವನ್ನೇ ಉರುಳಿಸಿದ ಆ 270 ಮತ, ಅದೇ ದಿನ ಅದೇ ಸದನದಲ್ಲಿ ಸ್ಪೀಕರನ್ನು ಕದಲಿಸಲು ಸಾಲುತ್ತಿರಲಿಲ್ಲ. ಸರ್ಕಾರಕ್ಕಿಂತ ಪೀಠ ಗಟ್ಟಿಯಾಗಿರಲಿ ಎಂದು ಸಂವಿಧಾನ ಬರೆದವರು ಬಯಸಿದ್ದರು. ಇದು ಸರಿ ಎಂದೇ ನನ್ನ ಅಭಿಪ್ರಾಯ. ಇಬ್ಬರು ಮೂವರು ಮುನಿಸಿಕೊಂಡ ಕೂಡಲೇ ಅಲ್ಲಾಡುವ ಕುರ್ಚಿಯಲ್ಲಿ ಕೂತವರು ಆಳುವ ಪಕ್ಷಕ್ಕೆ ಎದುರಾಗಿ ಒಂದು ರೂಲಿಂಗ್ ಕೊಡುವುದು ಹೇಗೆ?

ಎರಡನೆಯದು ಹದಿನಾಲ್ಕು ದಿನದ ಮುನ್ಸೂಚನೆ. ಅಷ್ಟು ದಿನ ಮೊದಲೇ ಲಿಖಿತ ನೋಟಿಸ್ ಕೊಡದೆ ನಿರ್ಣಯ ಮಂಡಿಸುವಂತಿಲ್ಲ. ಲೋಕಸಭೆಯ ನಿಯಮಗಳು ಇದರ ಮೇಲೆ ಇನ್ನೊಂದು ಬಾಗಿಲು ಇಟ್ಟಿವೆ: ನಿರ್ಣಯಕ್ಕೆ ಅನುಮತಿ ಕೇಳಿದಾಗ 50 ಸದಸ್ಯರು ಎದ್ದು ನಿಲ್ಲಬೇಕು. ಆರೋಪಗಳು ನಿರ್ದಿಷ್ಟವಾಗಿರಬೇಕು ಎನ್ನುವುದೂ ನಿಯಮವೇ, ಆದರೆ ಯಾವ ಕಾರಣಕ್ಕೆ ಇಳಿಸಬಹುದು ಎಂದು ಸಂವಿಧಾನ ಪಟ್ಟಿ ಮಾಡಿಲ್ಲ. ರಾಷ್ಟ್ರಪತಿಯ ಮಹಾಭಿಯೋಗಕ್ಕೆ ಸಂವಿಧಾನ ಉಲ್ಲಂಘನೆಯ ಆರೋಪ ಬೇಕು, ಇಲ್ಲಿ ಸದನಕ್ಕೆ ನಂಬಿಕೆ ಹೋದರೆ ಸಾಕು.

ಮೂರನೆಯದೇ ನಮ್ಮೂರ ಎರಡನೇ ಸಾಲಿನ ಪ್ಲಾಸ್ಟಿಕ್ ಕುರ್ಚಿ. 96ನೇ ವಿಧಿಯ ಪ್ರಕಾರ ತಮ್ಮನ್ನು ಇಳಿಸುವ ನಿರ್ಣಯ ಚರ್ಚೆಯಲ್ಲಿರುವಾಗ ಸ್ಪೀಕರ್ ಹಾಜರಿದ್ದರೂ ಪೀಠದಲ್ಲಿ ಕೂರುವಂತಿಲ್ಲ. ಆದರೆ ನಮ್ಮ ಅಧ್ಯಕ್ಷಮ್ಮನಿಗೆ ಅಂದು ಸಿಗದೆ ಹೋದ ಮಾತಿನ ಅವಕಾಶ ಅವರಿಗೆ ಸಿಗುತ್ತದೆ. ಸದಸ್ಯರ ಜಾಗದಲ್ಲಿ ನಿಂತು ತಮ್ಮ ಪರ ಮಾತಾಡಬಹುದು. ಮತವನ್ನೂ ಹಾಕಬಹುದು, ಅದೂ ಎಲ್ಲ ಸದಸ್ಯರಂತೆ ಮೊದಲ ಸುತ್ತಿನಲ್ಲೇ. ಉಳಿದ ದಿನಗಳಲ್ಲಿ ಇದು ತಿರುಗಾಮುರುಗಾ: ಸ್ಪೀಕರ್ ಮೊದಲು ಮತ ಹಾಕುವುದಿಲ್ಲ, ಮತ ಸಮಸಮ ಬಿದ್ದರೆ ಮಾತ್ರ ನಿರ್ಣಾಯಕ ಮತ. ತಮ್ಮದೇ ವಿಚಾರಣೆಯ ದಿನ ಆ ನಿರ್ಣಾಯಕ ಮತವನ್ನು ಅವರಿಂದ ತೆಗೆದು, ಬದಲಿಗೆ ಸಾಮಾನ್ಯ ಸದಸ್ಯನ ಮತವನ್ನು ಕೊಟ್ಟಿದ್ದಾರೆ. ತೀರ್ಪುಗಾರನ ಅಧಿಕಾರ ಹೋಯಿತು, ಸದಸ್ಯನ ಹಕ್ಕು ಉಳಿಯಿತು. ನ್ಯಾಯವನ್ನು ಇಷ್ಟು ಕಡಿಮೆ ಮಾತಿನಲ್ಲಿ ಹೆಣೆದ ವಿಧಿಗಳು ನಮ್ಮ ಸಂವಿಧಾನದಲ್ಲೂ ವಿರಳ. ರಾಜ್ಯಸಭೆಯ ಸಭಾಪತಿ ಆ ಸದನದ ಸದಸ್ಯರೇ ಅಲ್ಲವಾದ್ದರಿಂದ 92ನೇ ವಿಧಿ ಅವರಿಗೆ ಮಾತಾಡುವ ಹಕ್ಕು ಕೊಟ್ಟು ಮತದ ಹಕ್ಕನ್ನು ಪೂರ್ತಿ ತೆಗೆದಿದೆ.

ಕಳೆದ ಶತಮಾನದಲ್ಲಿ ಲೋಕಸಭೆಯಲ್ಲಿ ಇಂಥ ನಿರ್ಣಯ ಮೂರು ಸಲ ಸದನದ ಮುಂದೆ ಬಂತು. 1954ರ ಡಿಸೆಂಬರ್ 18ರಂದು ಮೊದಲ ಸ್ಪೀಕರ್ ಜಿ.ವಿ. ಮಾವಳಂಕರ್ ವಿರುದ್ಧ. ಪ್ರಧಾನಿ ನೆಹರೂ ಎದ್ದು, ಇದು ಪಕ್ಷದ ವಿಷಯವಲ್ಲ, ಸದನದ ಘನತೆಯ ವಿಷಯ ಎಂಬ ಧಾಟಿಯಲ್ಲಿ ಮಾತಾಡಿದರು, ನಿರ್ಣಯ ಬಿದ್ದುಹೋಯಿತು. 1966ರ ನವೆಂಬರ್ 24ರಂದು ಹುಕುಂ ಸಿಂಗ್ ವಿರುದ್ಧ ಮಧು ಲಿಮಯೆ ತಂದ ನಿರ್ಣಯಕ್ಕೆ ಬೇಕಾದ 50 ಮಂದಿ ಎದ್ದು ನಿಲ್ಲಲಿಲ್ಲ. ಆಗ ಡೆಪ್ಯುಟಿ ಸ್ಪೀಕರ್ ಆಗಿದ್ದವರು ನಮ್ಮ ಪಕ್ಕದ ಶಿವಮೊಗ್ಗದ ಸಂಸದ ಎಸ್.ವಿ. ಕೃಷ್ಣಮೂರ್ತಿ ರಾವ್. 1987ರ ಏಪ್ರಿಲ್ 15ರಂದು ಬಲರಾಮ್ ಜಾಖಡ್ ವಿರುದ್ಧ ನಿರ್ಣಯ ತಂದವರು ಸೋಮನಾಥ ಚಟರ್ಜಿ. ಮುಂದೆ ಅದೇ ಪೀಠದಲ್ಲಿ ಅವರೇ ಕೂತರು. ಮೂರೂ ಸೋತವು. ನಿರ್ಣಯದ ಮೂಲಕ ಪೀಠ ಬಿಟ್ಟ ಲೋಕಸಭಾ ಸ್ಪೀಕರ್ ಯಾರೂ ಇಲ್ಲ.

ಹಾಗೆಂದು ಈ ವಿಧಿ ಸತ್ತ ಅಕ್ಷರವಲ್ಲ. ನಿರ್ಣಯ ಗೆದ್ದು ಇಳಿಸಿದ್ದಕ್ಕಿಂತ ನಿರ್ಣಯ ಬರುವ ಸೂಚನೆ ಕಂಡು ಇಳಿದದ್ದೇ ಹೆಚ್ಚು, ಮತ್ತು ಅದಕ್ಕೆ ನಮ್ಮ ರಾಜ್ಯದಲ್ಲೇ ಉದಾಹರಣೆಗಳಿವೆ. 2019ರ ಜುಲೈ 29ರಂದು ಯಡಿಯೂರಪ್ಪ ವಿಶ್ವಾಸಮತ ಗೆದ್ದ ಬೆನ್ನಲ್ಲೇ ಕೆ.ಆರ್. ರಮೇಶ್ ಕುಮಾರ್ ರಾಜೀನಾಮೆ ಪತ್ರವನ್ನು ಡೆಪ್ಯುಟಿ ಸ್ಪೀಕರ್ ಕೃಷ್ಣಾರೆಡ್ಡಿಯವರಿಗೆ ಕೊಟ್ಟು ಹೊರಟರು. ಹೋಗದಿದ್ದರೆ ಹೊಸ ಆಡಳಿತ ಪಕ್ಷ ನಿರ್ಣಯ ತರುತ್ತದೆ ಎಂಬ ಮಾತು ಆಗಲೇ ಹಬ್ಬಿತ್ತು.

ಇನ್ನೊಂದು ಉದಾಹರಣೆ ನೋಯಿಸುವಂಥದ್ದು. 2020ರ ಕೊನೆಯಲ್ಲಿ ವಿಧಾನ ಪರಿಷತ್ತಿನ ಸಭಾಪತಿ ಪ್ರತಾಪಚಂದ್ರ ಶೆಟ್ಟಿಯವರ ವಿರುದ್ಧ ಬಿಜೆಪಿ ಸದಸ್ಯರು ನೋಟಿಸ್ ಕೊಟ್ಟಿದ್ದರು. ನೋಟಿಸ್ ಇರುವಾಗ ಸಭಾಪತಿ ಪೀಠದಲ್ಲಿ ಕೂರಬಹುದೇ ಎಂಬುದೇ ಜಗಳ. ಡಿಸೆಂಬರ್ 15ರಂದು ಸದನ ಸೇರಿದಾಗ ಸಭಾಪತಿ ಬರುವ ಮೊದಲೇ ಉಪಸಭಾಪತಿ ಎಸ್.ಎಲ್. ಧರ್ಮೇಗೌಡರು ಪೀಠದಲ್ಲಿ ಕೂತಿದ್ದರು. ಕಾಂಗ್ರೆಸ್ ಸದಸ್ಯರು ಅವರನ್ನು ಅಲ್ಲಿಂದ ಎಳೆದಿಳಿಸಿದರು. ಹಿರಿಯರ ಸದನ ಎಂದು ನಾವು ಮಕ್ಕಳಿಗೆ ಪಾಠ ಮಾಡುವ ಮನೆಯಲ್ಲಿ ನಡೆದ ಆ ಎಳೆದಾಟವನ್ನು ಇಡೀ ರಾಜ್ಯ ಟಿ.ವಿ.ಯಲ್ಲಿ ನೋಡಿತು. ಆ ತಿಂಗಳು ಮುಗಿಯುವ ಮೊದಲೇ ಧರ್ಮೇಗೌಡರು ತೀರಿಕೊಂಡರು. 2021ರ ಫೆಬ್ರುವರಿ 4ರಂದು ಪ್ರತಾಪಚಂದ್ರ ಶೆಟ್ಟಿಯವರು ರಾಜೀನಾಮೆ ಕೊಟ್ಟರು, ಐದು ದಿನಕ್ಕೆ ಬಸವರಾಜ ಹೊರಟ್ಟಿಯವರು ಸಭಾಪತಿಯಾದರು.

ಯಾರು ಹೆಚ್ಚು ತಪ್ಪು ಮಾಡಿದರು ಎಂಬ ವಾದಕ್ಕೆ ನಾನು ಇಳಿಯುವುದಿಲ್ಲ. ಆ ದಿನದ ಬೇರು ಒಂದು ಪದದಲ್ಲಿದೆ. ವಿಧಾನ ಪರಿಷತ್ತಿಗೆ ಸಂಬಂಧಿಸಿದ 185ನೇ ವಿಧಿ ಕೂಡ 96ನೇ ವಿಧಿಯಂತೆ, ನಿರ್ಣಯ "ಪರಿಶೀಲನೆಯಲ್ಲಿರುವಾಗ" ಪೀಠ ಬಿಡಬೇಕು ಎನ್ನುತ್ತದೆ. ಪರಿಶೀಲನೆ ಶುರುವಾಗುವುದು ಯಾವಾಗ? ನೋಟಿಸ್ ಕಚೇರಿಗೆ ತಲುಪಿದ ಕ್ಷಣವೇ? ಹದಿನಾಲ್ಕು ದಿನ ಕಳೆದ ಮೇಲೆಯೇ? ಸದನ ಅನುಮತಿ ಕೊಟ್ಟ ಮೇಲೆಯೇ? ಅಕ್ಷರಶಃ ಓದಿದರೆ ಸದನದಲ್ಲಿ ನಿರ್ಣಯವನ್ನು ಎತ್ತಿಕೊಂಡ ಹೊತ್ತಷ್ಟೇ ಎಂದಾಗುತ್ತದೆ. ಹಾಗೆ ಓದಿದರೆ ನೋಟಿಸ್ ಸರಿಯಿದೆಯೋ ಇಲ್ಲವೋ, ಅದನ್ನು ಯಾವ ದಿನದ ಕಾರ್ಯಕಲಾಪದ ಪಟ್ಟಿಗೆ ಹಾಕಬೇಕು ಎಂಬುದನ್ನೆಲ್ಲ ಯಾರ ವಿರುದ್ಧ ನೋಟಿಸ್ ಇದೆಯೋ ಅವರ ಕಚೇರಿಯೇ ನೋಡಿಕೊಂಡ ಹಾಗಾಯಿತು. ಹಳ್ಳಿಯಲ್ಲಿ ಈ ತೊಡಕು ಬಾರದಿರುವುದು ನೋಟಿಸ್ ಹೋಗುವುದೇ ಎ.ಸಿ. ಕಚೇರಿಗೆ ಎಂಬ ಕಾರಣಕ್ಕೆ. ಅಧ್ಯಕ್ಷೆಯ ಮೇಜಿನ ಮೇಲೆ ಆ ಕಾಗದ ಬೀಳುವುದೇ ಇಲ್ಲ.

ಇದೇ ಪದದ ಸುತ್ತ ಸುಪ್ರೀಂ ಕೋರ್ಟ್‌ವರೆಗೆ ಹೋದ ಜಗಳ ಅರುಣಾಚಲ ಪ್ರದೇಶದ್ದು. 2015ರಲ್ಲಿ ಅಲ್ಲಿನ ಸ್ಪೀಕರ್ ನಬಂ ರೆಬಿಯಾ ವಿರುದ್ಧ ನೋಟಿಸ್ ಇತ್ತು. ಅದು ಬಾಕಿ ಇರುವಾಗಲೇ ಅವರು ಪಕ್ಷಾಂತರ ಕಾಯ್ದೆಯಡಿ 14 ಶಾಸಕರನ್ನು ಅನರ್ಹಗೊಳಿಸಿದರು. ಮರುದಿನ ಅವರ ವಿರೋಧಿಗಳು ಇಟಾನಗರದ ಒಂದು ಸಮುದಾಯ ಭವನದಲ್ಲಿ ಸೇರಿ, ಡೆಪ್ಯುಟಿ ಸ್ಪೀಕರ್ ಅಧ್ಯಕ್ಷತೆಯಲ್ಲಿ, ಸ್ಪೀಕರನ್ನೇ ಇಳಿಸಿದ್ದಾಗಿ ನಿರ್ಣಯ ಮಾಡಿದರು. ಇಲ್ಲಿ ಲೆಕ್ಕ ಸ್ವಲ್ಪ ನಿಧಾನವಾಗಿ ನೋಡಿ. 60 ಸದಸ್ಯರ ಸಭೆಯಲ್ಲಿ ಇಳಿಸಲು 31 ಬೇಕು. ಇಳಿಸುವ ಕಡೆ 33 ಮಂದಿ ಇದ್ದಾರೆ ಎಂದಿಟ್ಟುಕೊಳ್ಳಿ. ಅವರಲ್ಲಿ 14 ಮಂದಿಯನ್ನು ಸ್ಪೀಕರ್ ಅನರ್ಹಗೊಳಿಸಿದರೆ ಸಭೆಯ ಬಲ 46ಕ್ಕೆ ಇಳಿಯುತ್ತದೆ, ಬೇಕಾದದ್ದು 24 ಆಗುತ್ತದೆ, ವಿರೋಧಿಗಳ ಕೈಯಲ್ಲಿ ಉಳಿಯುವುದು 19. "ಆಗ ಸದನದಲ್ಲಿರುವ ಎಲ್ಲ ಸದಸ್ಯರು" ಎಂಬ ಗಟ್ಟಿ ರಕ್ಷಣೆಯನ್ನು, ಆ ಸದಸ್ಯರ ಪಟ್ಟಿಯನ್ನೇ ತಿದ್ದಿ, ಪೀಠದಲ್ಲಿರುವವರು ತಮಗೆ ಬೇಕಾದಂತೆ ಬಳಸಬಹುದು.

2016ರ ಜುಲೈ 13ರಂದು ಐವರು ನ್ಯಾಯಮೂರ್ತಿಗಳ ಪೀಠ ಆ ಸಮುದಾಯ ಭವನದ ಅಧಿವೇಶನವನ್ನೂ ಅದಕ್ಕೆ ದಾರಿ ಮಾಡಿದ ರಾಜ್ಯಪಾಲರ ಆದೇಶವನ್ನೂ ರದ್ದುಮಾಡಿತು. ಜೊತೆಗೇ ಒಂದು ಹೊಸ ಸೂತ್ರ ಹೇಳಿತು: ತನ್ನ ಪದಚ್ಯುತಿಯ ನೋಟಿಸ್ ಬಾಕಿ ಇರುವಾಗ ಸ್ಪೀಕರ್ ಯಾರ ಅನರ್ಹತೆಯನ್ನೂ ತೀರ್ಮಾನಿಸುವಂತಿಲ್ಲ. ಕೇಳಲು ನ್ಯಾಯವಾಗಿಯೇ ಇದೆ. ಆದರೆ 2022ರಲ್ಲಿ ಮಹಾರಾಷ್ಟ್ರದಲ್ಲಿ ಶಿವಸೇನೆ ಒಡೆದಾಗ ಇದರ ಇನ್ನೊಂದು ಮುಖ ಕಂಡಿತು. ಸ್ಪೀಕರ್ ಹುದ್ದೆ ಖಾಲಿ ಇದ್ದು ಡೆಪ್ಯುಟಿ ಸ್ಪೀಕರ್ ಕೆಲಸ ನೋಡುತ್ತಿದ್ದರು. ಅನರ್ಹತೆಯ ಭಯವಿದ್ದ ಶಾಸಕರು ಮೊದಲು ಡೆಪ್ಯುಟಿ ಸ್ಪೀಕರ್ ವಿರುದ್ಧವೇ ನೋಟಿಸ್ ಕಳುಹಿಸಿದರು. ಒಂದು ಹಾಳೆಯಿಂದ ತೀರ್ಪುಗಾರನ ಕೈ ಕಟ್ಟುವುದಾದರೆ ಪಕ್ಷ ಬಿಟ್ಟವರೆಲ್ಲ ಮೊದಲು ಮಾಡುವ ಕೆಲಸ ಅದೇ ಆಗುತ್ತದೆ. 2023ರ ಮೇ 11ರಂದು ಸುಪ್ರೀಂ ಕೋರ್ಟ್ ಆ ಸೂತ್ರವನ್ನು ಏಳು ನ್ಯಾಯಮೂರ್ತಿಗಳ ಪೀಠ ಮತ್ತೆ ನೋಡಲಿ ಎಂದು ಒಪ್ಪಿಸಿತು.

ರಾಜ್ಯಸಭೆಯ ಕಡೆಗೂ ಬರಬೇಕು, ಯಾಕೆಂದರೆ ಈಚಿನ ಚರ್ಚೆ ಎದ್ದದ್ದು ಅಲ್ಲಿ. ಅಲ್ಲಿ ಸಭಾಪತಿಯನ್ನು ಇಳಿಸಲು ಮೊದಲು ರಾಜ್ಯಸಭೆ ತನ್ನ ಎಲ್ಲ ಸದಸ್ಯರ ಬಹುಮತದಿಂದ ನಿರ್ಣಯ ಮಾಡಬೇಕು, ಆಮೇಲೆ ಲೋಕಸಭೆ ಒಪ್ಪಬೇಕು. ಎರಡೂ ಸದನ ಸೇರಿ ಏರಿಸಿದ್ದರಿಂದ ಇಳಿಸಲೂ ಎರಡೂ ಬೇಕು. 2024ರ ಡಿಸೆಂಬರ್ 10ರಂದು ವಿರೋಧ ಪಕ್ಷಗಳ ಸುಮಾರು 60 ಸದಸ್ಯರು ಧನಕರ್ ವಿರುದ್ಧ ನೋಟಿಸ್ ಕೊಟ್ಟರು. ರಾಜ್ಯಸಭೆಯ ಸಭಾಪತಿಯೊಬ್ಬರ ವಿರುದ್ಧ ಹೀಗೆ ನೋಟಿಸ್ ಬಂದದ್ದು ಅದೇ ಮೊದಲು. ಅಧಿವೇಶನ ಮುಗಿಯುವುದು ಡಿಸೆಂಬರ್ 20ಕ್ಕೆ. ಹತ್ತನೇ ತಾರೀಖಿಗೆ ಹದಿನಾಲ್ಕು ಕೂಡಿಸಿದರೆ ಇಪ್ಪತ್ನಾಲ್ಕು. ನೋಟಿಸ್ ಕೊಟ್ಟ ದಿನವೇ ಅದು ಆ ಅಧಿವೇಶನದಲ್ಲಿ ಮತಕ್ಕೆ ಬರುವಂತಿರಲಿಲ್ಲ. 19ರಂದು ಉಪಸಭಾಪತಿ ಹರಿವಂಶ್ ಅದನ್ನು ತಿರಸ್ಕರಿಸಿದರು. ಹದಿನಾಲ್ಕು ದಿನದ ಕೊರತೆಯೂ ಅವರು ಕೊಟ್ಟ ಕಾರಣಗಳಲ್ಲಿ ಒಂದು. ಏಳು ತಿಂಗಳ ಮೇಲೆ ಮುಂಗಾರು ಅಧಿವೇಶನದ ಮೊದಲ ದಿನವೇ ಧನಕರ್ ಆರೋಗ್ಯದ ಕಾರಣ ಕೊಟ್ಟು ರಾಜೀನಾಮೆ ಕಳುಹಿಸಿದರು. ಸೆಪ್ಟೆಂಬರ್ 9ರ ಚುನಾವಣೆಯಲ್ಲಿ ಸಿ.ಪಿ. ರಾಧಾಕೃಷ್ಣನ್ 452 ಮತ ಪಡೆದು ಗೆದ್ದರು, ಎದುರಿಗಿದ್ದ ನ್ಯಾಯಮೂರ್ತಿ ಸುದರ್ಶನ ರೆಡ್ಡಿಯವರಿಗೆ 300 ಮತ ಬಿದ್ದವು. ನಡುವಿನ ದಿನಗಳಲ್ಲಿ ಸದನ ನಿಲ್ಲಲಿಲ್ಲ. ಉಪಸಭಾಪತಿ ಇದ್ದರು.

ಈ ಹದಿನಾಲ್ಕು ದಿನ ಸಂವಿಧಾನ ಬರೆಯುವಾಗ ಸಣ್ಣ ಅವಧಿಯಾಗಿತ್ತು, ಸದನಗಳು ವರ್ಷದಲ್ಲಿ ನೂರಕ್ಕೂ ಹೆಚ್ಚು ದಿನ ಸೇರುವ ಕಾಲ ಅದು. ಈಗ ಬೆಳಗಾವಿಯ ಚಳಿಗಾಲದ ಅಧಿವೇಶನವೇ ಎರಡು ವಾರದ ಆಸುಪಾಸಿನಲ್ಲಿ ಮುಗಿಯುತ್ತದೆ. ಅವಧಿ ಹಾಗೇ ಇದೆ, ಅದು ಕೂರಬೇಕಾದ ಅಧಿವೇಶನವೇ ಕಿರಿದಾಗಿದೆ.

ನಿಜಲಿಂಗಪ್ಪನವರ ಮಾತು ಬಾಕಿ ಇತ್ತು. 1969ರ ಮೇ 3ರಂದು ರಾಷ್ಟ್ರಪತಿ ಜಾಕಿರ್ ಹುಸೇನ್ ತೀರಿಕೊಂಡರು. ಜುಲೈನಲ್ಲಿ ಬೆಂಗಳೂರಿನ ಲಾಲ್‌ಬಾಗ್ ಗಾಜಿನ ಮನೆಯಲ್ಲಿ ಕಾಂಗ್ರೆಸ್ ಅಧಿವೇಶನ ಸೇರಿದಾಗ ಪಕ್ಷದ ಅಧ್ಯಕ್ಷರು ನಮ್ಮ ದುರ್ಗದ ನಿಜಲಿಂಗಪ್ಪನವರು. ಪಕ್ಷ ರಾಷ್ಟ್ರಪತಿ ಹುದ್ದೆಗೆ ಲೋಕಸಭಾ ಸ್ಪೀಕರ್ ನೀಲಂ ಸಂಜೀವ ರೆಡ್ಡಿಯವರನ್ನು ಆರಿಸಿತು. ಸ್ಪೀಕರ್ ಆದಾಗ ಪಕ್ಷದ ಸದಸ್ಯತ್ವ ಬಿಟ್ಟುಕೊಟ್ಟ ಆ ರೆಡ್ಡಿಯವರು ಜುಲೈ 19ರಂದು ಸ್ಪೀಕರ್ ಹುದ್ದೆಯನ್ನೂ ಬಿಟ್ಟರು. ಮರುದಿನ, ಸ್ವತಂತ್ರವಾಗಿ ಕಣಕ್ಕಿಳಿಯಲು, ಉಪರಾಷ್ಟ್ರಪತಿ ವಿ.ವಿ. ಗಿರಿಯವರೂ ಬಿಟ್ಟರು. ಎರಡು ದಿನದಲ್ಲಿ ಸಂಸತ್ತಿನ ಎರಡೂ ಸದನದ ಪೀಠ ಖಾಲಿ. ಗಿರಿಯವರದು ಇನ್ನೂ ವಿಚಿತ್ರ ಸ್ಥಿತಿ: ಉಪರಾಷ್ಟ್ರಪತಿ ರಾಜೀನಾಮೆ ಬರೆಯಬೇಕಾದದ್ದು ರಾಷ್ಟ್ರಪತಿಗೆ, ಆ ಹೊತ್ತು ರಾಷ್ಟ್ರಪತಿಯ ಕೆಲಸ ನೋಡುತ್ತಿದ್ದವರೂ ಅವರೇ. ಮುಖ್ಯ ನ್ಯಾಯಮೂರ್ತಿ ಹಿದಾಯತುಲ್ಲಾ ಹಂಗಾಮಿ ರಾಷ್ಟ್ರಪತಿಯಾದರು, ಅದಕ್ಕೆ ಬೇಕಾದ ಕಾಯ್ದೆಯನ್ನು ಆ ಮೇ ತಿಂಗಳಲ್ಲೇ ಮಾಡಿಟ್ಟಿದ್ದರು. ರೆಡ್ಡಿ ಸೋತರು, ಗಿರಿ ಗೆದ್ದರು, ನವೆಂಬರ್ ಹೊತ್ತಿಗೆ ಕಾಂಗ್ರೆಸ್ ಒಡೆಯಿತು. ಸೀಬಾರದ ನಿಜಲಿಂಗಪ್ಪನವರ ಸಮಾಧಿಗೆ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋದಾಗಲೆಲ್ಲ ನಾನು ಈ ಎರಡು ರಾಜೀನಾಮೆಗಳ ಕಥೆ ಹೇಳುತ್ತೇನೆ. ಅವರಿಗೆ ಕಾಂಗ್ರೆಸ್ ಒಡೆದದ್ದು ಪಠ್ಯದಲ್ಲಿ ಸಿಗುತ್ತದೆ, ಅದರ ಹಿಂದೆ ಎರಡು ಪೀಠ ತೆರವಾದದ್ದು ಸಿಗುವುದಿಲ್ಲ.

ಅದರಲ್ಲಿ ನನ್ನನ್ನು ಕಾಡುವ ಸಂಗತಿ ಒಂದಿದೆ. ಪೀಠದಿಂದ ಇನ್ನೊಂದು ಹುದ್ದೆಗೆ ಹೋಗಲು ಸಂವಿಧಾನದಲ್ಲಿ ಯಾವ ತಡೆಯೂ ಇಲ್ಲ. ಜಿ.ಎಸ್. ಧಿಲ್ಲೋನ್ 1975ರಲ್ಲಿ ಸ್ಪೀಕರ್ ಹುದ್ದೆ ಬಿಟ್ಟು ಕೇಂದ್ರ ಸಚಿವರಾದರು. ನ್ಯಾಯಾಧೀಶನೊಬ್ಬ ತನ್ನ ಮುಂದಿರುವ ಕಕ್ಷಿದಾರನ ಕೈಕೆಳಗೆ ಮರುದಿನ ಕೆಲಸಕ್ಕೆ ಸೇರಿದರೆ ನಾವು ಸುಮ್ಮನಿರುತ್ತೇವೆಯೇ? ಇಳಿಯುವ ನಿಯಮಗಳಲ್ಲಿ ಇಳಿದ ಮೇಲೆ ಎಲ್ಲಿಗೆ ಎಂಬುದರ ಬಗ್ಗೆಯೂ ಒಂದು ಸಾಲು ಇರಬೇಕಿತ್ತು.

ಇಷ್ಟೆಲ್ಲ ನೋಡಿದ ಮೇಲೆ ಒಂದು ಸಂಗತಿ ಎದ್ದು ಕಾಣುತ್ತದೆ. ರಾಜೀನಾಮೆ ಪಡೆಯುವವರು ಡೆಪ್ಯುಟಿ. ಸ್ಪೀಕರ್ ತೀರಿಕೊಂಡರೆ, ಹುದ್ದೆ ಬಿಟ್ಟರೆ 95ನೇ ವಿಧಿಯಂತೆ ಕೆಲಸ ನೋಡುವವರು ಡೆಪ್ಯುಟಿ. ಪದಚ್ಯುತಿಯ ದಿನ ಪೀಠದಲ್ಲಿ ಕೂರಬೇಕಾದವರು ಡೆಪ್ಯುಟಿ. ಪಂಚಾಯಿತಿಗೆ ಹೊರಗಿನಿಂದ ಎ.ಸಿ. ಬರುತ್ತಾರೆ. ಸಂಸತ್ತಿಗೆ ಹೊರಗಿನವರು ಬಂದು ಕೂರುವುದು ಸಲ್ಲದು, ಸದನ ತನ್ನ ಮನೆಯ ವಿಚಾರವನ್ನು ತಾನೇ ನೋಡಿಕೊಳ್ಳಬೇಕು. ಅದಕ್ಕಾಗಿಯೇ ಮನೆಯೊಳಗೆ ಇನ್ನೊಬ್ಬರನ್ನು ಇಟ್ಟರು. ಸರ್ಕಾರದ ಕೃಪೆಯಿಂದ ಬಂದವರಲ್ಲ, ಸದನವೇ ಸ್ಪೀಕರ್ ಜೊತೆಗೆ ಆರಿಸಿದವರು. ಡೆಪ್ಯುಟಿ ಸ್ಪೀಕರ್ ಅಲಂಕಾರದ ಹುದ್ದೆ ಎಂದು ಬರೆಯುವವರು ಈ ವಿಧಿಗಳನ್ನು ಒಟ್ಟಿಗೆ ಓದಿಲ್ಲ.

17ನೇ ಲೋಕಸಭೆ 2019ರಿಂದ 2024ರವರೆಗೆ ಐದು ವರ್ಷವನ್ನೂ ಡೆಪ್ಯುಟಿ ಸ್ಪೀಕರ್ ಇಲ್ಲದೆ ಕಳೆಯಿತು. 18ನೆಯದು ತನ್ನ ಮೊದಲ ವರ್ಷವನ್ನೂ ಹಾಗೆಯೇ ಕಳೆಯಿತು. "ಸಾಧ್ಯವಾದಷ್ಟು ಬೇಗ" ಸ್ಪೀಕರ್ ಮತ್ತು ಡೆಪ್ಯುಟಿ ಸ್ಪೀಕರ್ ಇಬ್ಬರನ್ನೂ ಆರಿಸಬೇಕು ಎಂದು 93ನೇ ವಿಧಿ ಹೇಳುತ್ತದೆ, ಇಷ್ಟು ದಿನದೊಳಗೆ ಎಂದು ಹೇಳುವುದಿಲ್ಲ. ಆ ಸಡಿಲದಲ್ಲಿ ಐದು ವರ್ಷ ಜಾರಿಹೋಯಿತು. ನಮ್ಮ ವಿಧಾನಸಭೆಯಲ್ಲಿ 2023ರ ಮೇ 24ರಂದು ಯು.ಟಿ. ಖಾದರ್ ಸ್ಪೀಕರ್ ಆದರು, ಜುಲೈನಲ್ಲಿ ಹಾವೇರಿಯ ರುದ್ರಪ್ಪ ಲಮಾಣಿ ಡೆಪ್ಯುಟಿ ಸ್ಪೀಕರ್ ಆದರು. ಎರಡು ತಿಂಗಳು ಸಾಕಾಯಿತು. ದೆಹಲಿಗೂ ಅಷ್ಟೇ ಗಡುವನ್ನು ವಿಧಿಯಲ್ಲೇ ಬರೆಯಬೇಕು. ಪದಚ್ಯುತಿಯ ನೋಟಿಸ್ ಕೂಡ ಸ್ಪೀಕರ್ ಕಚೇರಿಯ ಬದಲು ಡೆಪ್ಯುಟಿಯ ಮುಂದೆ ಹೋಗಬೇಕು, ಅದು ಸದನಕ್ಕೆ ಬರುವ ದಿನವನ್ನು ನಿಯಮವೇ ಗೊತ್ತುಮಾಡಬೇಕು.

ಧನಕರ್ ರಾಜೀನಾಮೆಯ ಬಗ್ಗೆ ಕೇಳಿದ್ದ ನಮ್ಮೂರವರಲ್ಲಿ ಒಬ್ಬ ಗೆಳೆಯ ಮೊನ್ನೆ ದಾವಣಗೆರೆ ಬಸ್ ನಿಲ್ದಾಣದಲ್ಲಿ ಸಿಕ್ಕು ಮಾತು ಮುಂದುವರಿಸಿದ. "ಮೇಷ್ಟ್ರೇ, ಆ ಐದು ವರ್ಷದಲ್ಲಿ ಲೋಕಸಭೆ ಸ್ಪೀಕರ್ ರಾಜೀನಾಮೆ ಕೊಡೋದಾಗಿದ್ರೆ ಯಾರ ಹೆಸರಿಗೆ ಬರೀತಿದ್ರು?" ಪತ್ರ ಸೇರಬೇಕಾದ ವಿಳಾಸವಾಗಿ ಸಂವಿಧಾನದಲ್ಲಿ ಇರುವುದು ಒಂದೇ ಹೆಸರು, ಆ ಕುರ್ಚಿಯಲ್ಲಿ ಯಾರೂ ಇರಲಿಲ್ಲ ಎಂದೆ. ಸ್ಪೀಕರ್ ಸ್ಥಾನ ಬರಿದಾಗಿ ಡೆಪ್ಯುಟಿಯೂ ಇಲ್ಲದಿದ್ದರೆ ರಾಷ್ಟ್ರಪತಿ ಒಬ್ಬ ಸದಸ್ಯರನ್ನು ನೇಮಿಸಬಹುದು ಎಂದು 95ನೇ ವಿಧಿಯಲ್ಲಿದೆ. ರಾಷ್ಟ್ರಪತಿ ನೇಮಿಸುವುದೆಂದರೆ ಸಚಿವ ಸಂಪುಟದ ಸಲಹೆಯಂತೆ, ಅಂದರೆ 1949ರಲ್ಲಿ ಅಂಬೇಡ್ಕರ್ ಯಾವ ಬಾಗಿಲನ್ನು ಮುಚ್ಚಿದ್ದರೋ ಅದೇ ಬಾಗಿಲಿನಿಂದ. ಅವನಿಗೆ 2002ರ ಕಥೆ ಹೇಳಿದೆ. ಮಾರ್ಚ್ 3ರಂದು ಸ್ಪೀಕರ್ ಬಾಲಯೋಗಿ ಹೆಲಿಕಾಪ್ಟರ್ ಅಪಘಾತದಲ್ಲಿ ತೀರಿಕೊಂಡರು. ಮನೋಹರ ಜೋಶಿ ಆಯ್ಕೆಯಾದದ್ದು ಮೇ 10ಕ್ಕೆ. ನಡುವೆ ಬಜೆಟ್ ಅಧಿವೇಶನ ನಡೆಯುತ್ತಿತ್ತು. ಭಯೋತ್ಪಾದನೆ ತಡೆಯುವ ಪೋಟಾ ಮಸೂದೆಗಾಗಿ ಎರಡೂ ಸದನಗಳ ಜಂಟಿ ಅಧಿವೇಶನವೂ ಮಾರ್ಚ್ 26ರಂದು ಸೇರಿತು. ಆ ಹತ್ತು ವಾರ ಸದನಕ್ಕೆ ಲಕ್ಷದ್ವೀಪದಿಂದ ಬಂದಿದ್ದ ಡೆಪ್ಯುಟಿ ಸ್ಪೀಕರ್ ಪಿ.ಎಂ. ಸಯೀದ್ ಇದ್ದರು.